ಅಮೆರಿಕದ ಕೋರ್ಟಿನ ಬಾಲ್ಕನಿಯಲ್ಲಿ ಒಬ್ಬ ಸೀರೆ ಸಾವ್ಕಾರ

ಇಳಕಲ್: ಹೊರಡುವ ಮುನ್ನ

ಪರದೇಶಕ್ಕೆ ಹೊರಟವರಿಗೆ ನಾನು ಕೊಡುವ ಮೊದಲ ಸಲಹೆ ಇದು: ಮಗಳು ಮಾತು ಬಿಟ್ಟಿರುವಾಗ ಹೋಗಬೇಡಿ. ಪಾಸ್‌ಪೋರ್ಟು, ವೀಸಾ, ಉಣ್ಣೆಯ ಕೋಟು ಎಲ್ಲದಕ್ಕೂ ಯಾರಾದರೂ ಸಹಾಯಕ್ಕೆ ಬರುತ್ತಾರೆ. ಆ ಒಂದು ಭಾರವನ್ನು ಮಾತ್ರ ಯಾವ ವಿಮಾನದವರೂ ತೂಗಿ ಇಳಿಸಿಕೊಳ್ಳುವುದಿಲ್ಲ. ತಲೆಯ ಮೇಲೆ ಹೊತ್ತುಕೊಂಡೇ ಕೂರಬೇಕು.

ಎರಡು ಸಾವಿರದ ಮೂರನೆಯ ಇಸವಿ. ಅಮೆರಿಕದ ದಕ್ಷಿಣ ಸೀಮೆಯ ಒಂದು ಪಟ್ಟಣದಲ್ಲಿ ನಾನಾ ದೇಶಗಳ ಕೈಮಗ್ಗದ ಮೇಳವಿತ್ತು. ಇಳಕಲ್ ಸೀರೆಗೂ ಒಂದು ಮಳಿಗೆ ಸಿಕ್ಕಿತ್ತು. ಮಾರುವುದಕ್ಕೆ ನಾನು, ನೇಯ್ದು ತೋರಿಸುವುದಕ್ಕೆ ಕಮತಗಿಯ ನೇಕಾರ ದಾವಲಸಾಬ. ನಾನು ಸಂಗಪ್ಪ, ಇಳಕಲ್ ಪೇಟೆಯಲ್ಲಿ ಸೀರೆ ಅಂಗಡಿ ಇಟ್ಟವನು. ಸೈಕಲ್ಲಿಗೆ ಗಂಟು ಕಟ್ಟಿಕೊಂಡು ಹುನಗುಂದ, ಬಾದಾಮಿ ಕಡೆಯ ಹಳ್ಳಿಗಳನ್ನು ತಿರುಗಿ ತಿರುಗಿ ಕೊನೆಗೆ ಅಂಗಡಿಯಲ್ಲಿ ಕೂತವನು. ಈ ಮಾತನ್ನು ನಾನು ದಿನಕ್ಕೆ ಎರಡು ಸಲವಾದರೂ ಹೇಳುತ್ತೇನೆಂದು ಮನೆಯವರ ದೂರು. ಇಲ್ಲಿ ಒಂದೇ ಸಲ ಹೇಳಿದ್ದೇನೆ, ಗಮನಿಸಬೇಕು.

ಮಗಳು ಸುಮಾ ಬಾಗಲಕೋಟೆಯಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಎ. ಓದುತ್ತಿದ್ದಳು. ರಜೆಗೆ ಬಂದರೆ ಅಂಗಡಿಯ ಗಾದಿಯ ಮೇಲೆ ನನ್ನ ಪಕ್ಕದಲ್ಲೇ ಅವಳ ಜಾಗ. ನಾನು ಹೊರಡುವ ನಾಲ್ಕು ತಿಂಗಳ ಮೊದಲು ಅದು ತಪ್ಪಿತು. ಯಾಕೆಂದು ಹೇಳಿಯೇಬಿಡುತ್ತೇನೆ. ಮುಚ್ಚಿಟ್ಟರೆ ಮುಂದಿನದು ನಿಮಗೆ ತಿಳಿಯುವುದಿಲ್ಲ.

ಸುಮಾಳ ಹಾಸ್ಟೆಲಿನ ಗೆಳತಿ ರೇಣುಕಾ ಮರೋಳದ ಕಡೆಯವಳು. ಒಂದು ದಿನ ತಾಯಿ ದುರ್ಗವ್ವನನ್ನು ಕರೆದುಕೊಂಡು ಸೀರೆಗೆಂದು ಬಂದಳು. ನನ್ನ ಅಂಗಡಿಯಲ್ಲಿ ಆಗ ಗಿರಾಕಿಗಳು ಎರಡು ಬಗೆ. ಗಾದಿ ಗಿರಾಕಿ ಚಪ್ಪಲಿ ಬಿಟ್ಟು ಮೇಲೆ ಬಂದು ಕೂರುತ್ತಾರೆ, ಸೀರೆಯನ್ನು ತೊಡೆಯ ಮೇಲೆ ಹರವಿಕೊಳ್ಳುತ್ತಾರೆ, ಸೆರಗು ಹೆಗಲಿಗೆ ಹಾಕಿ ಕನ್ನಡಿ ನೋಡುತ್ತಾರೆ. ಕಟ್ಟೆ ಗಿರಾಕಿ ಎಂದರೆ ದಲಿತರ ಕೇರಿಯವರು. ಹೊರಗಿನ ಕಟ್ಟೆಯ ಮೇಲೆ ನಿಲ್ಲುತ್ತಾರೆ, ನಾನು ಒಳಗಿನಿಂದ ಸೀರೆ ಎತ್ತಿ ಹಿಡಿಯುತ್ತೇನೆ, ಅವರು ಬೆರಳು ಮಾಡುತ್ತಾರೆ. ಕೈಗೆ ಕೊಟ್ಟೆನೆಂದರೆ ಅದು ಅವರದೇ, ಬೇಡವೆನ್ನುವಂತಿಲ್ಲ. ಇದನ್ನು ಬೋರ್ಡಿನ ಮೇಲೆ ಬರೆದಿರಲಿಲ್ಲ. ಎಳೆಯ ವಯಸ್ಸಿನಲ್ಲಿ ನಾನು ದುಡಿದ ಅಂಗಡಿಯಲ್ಲಿ ಹಾಗಿತ್ತು, ಅಲ್ಲಿಂದ ಮೊಳಕೋಲಿನ ಜೊತೆ ನನ್ನ ಅಂಗಡಿಗೂ ಬಂತು. ಪೇಟೆಯ ಬೇರೆಯವರು ಬಿಟ್ಟು ವರ್ಷಗಳೇ ಆಗಿದ್ದವು. ನಾನು ಬಿಟ್ಟಿರಲಿಲ್ಲ. ಯಾಕೆ ಬಿಟ್ಟಿಲ್ಲವೆಂದು ಯಾರೂ ಕೇಳಿರಲಿಲ್ಲ, ನಾನಂತೂ ಕೇಳಿಕೊಂಡಿರಲಿಲ್ಲ.

ದುರ್ಗವ್ವ ತಾನಾಗಿಯೇ ಕಟ್ಟೆಯ ಮೇಲೆ ನಿಂತಳು. ನಾನು ಕೆಳಗಿನ ಕಪಾಟಿನಿಂದ ಮೂರು ಸೀರೆ ತೆಗೆದು ದೂರದಿಂದಲೇ ಎತ್ತಿ ಹಿಡಿದೆ.

“ಅಪ್ಪಾ, ಅವರನ್ನ ಒಳಗ ಕರಿ. ಗಾದಿ ಮ್ಯಾಲೆ ಕೂಡಸು,” ಎಂದಳು ಸುಮಾ.

“ಅವರಿಗೆ ರೂಢಿ ಐತಿ. ನೀ ಸುಮ್ನ ಕೂಡು.”

ಪಿಸುಗುಟ್ಟಿದೆನೆಂದು ನಾನು ತಿಳಿದಿದ್ದೆ. ಆದರೆ ಓಣಿ ಓಣಿಯಲ್ಲಿ ಕೂಗಿ ಸೀರೆ ಮಾರಿದ ಗಂಟಲಿದು. ಮಾತು ಕಟ್ಟೆಯವರೆಗೂ ಹೋಯಿತು. ರೇಣುಕಾ ತಾಯಿಯ ಕೈ ಹಿಡಿದುಕೊಂಡು ಇಳಿದು ಹೋದಳು. ಅವರ ಹಿಂದೆಯೇ ಸುಮಾ ಎದ್ದಳು. ಆಮೇಲೆ ಅವಳು ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಮನೆಯಲ್ಲಿ ನನ್ನ ಜೊತೆ ಅವಳ ಮಾತೆಂದರೆ “ಊಟಕ್ಕ ಬರಬೇಕಂತ”, “ಯಾರದೋ ಫೋನ್ ಅಂತ”. ಎಲ್ಲವೂ ಅವಳ ತಾಯಿಯ ಮಾತು, ಇವಳು ಬರೀ ಅಂಚೆಯವಳು.

ಆ ವರ್ಷ ಅವಳಿಗೆ ಅಮೆರಿಕದ ಒಂದು ಕಾದಂಬರಿ ಪಠ್ಯವಾಗಿತ್ತು. ಜಗತ್ತಿನಲ್ಲೆಲ್ಲ ಹೆಸರಾದದ್ದಂತೆ. ಒಂದು ಸಣ್ಣ ಊರು, ಒಬ್ಬ ಹುಡುಗಿ. ಅವಳ ಕಣ್ಣೆದುರಿಗೆ ಊರಿನ ಕೋರ್ಟು ಏನೂ ತಪ್ಪಿಲ್ಲದ ಒಬ್ಬ ಕಪ್ಪು ಮನುಷ್ಯನನ್ನು ಅಪರಾಧಿ ಅನ್ನುತ್ತದೆ. ಅದನ್ನು ನೋಡುತ್ತ ಹುಡುಗಿ ದೊಡ್ಡವಳಾಗುತ್ತಾಳೆ. ನಾನು ಹೊರಡುವ ಬೆಳಿಗ್ಗೆ ಸುಮಾ ಆ ಪುಸ್ತಕವನ್ನೂ ಅದರ ಗೈಡನ್ನೂ ತಂದು ನನ್ನ ಚೀಲದ ಮೇಲಿಟ್ಟಳು.

“ಈ ಕತಿ ನೀ ಹೊಂಟ ಸೀಮ್ಯಾಗಿಂದು. ಓದು. ಇದರಾಗ ನೀ ಯಾರು ಅಂತ ಹುಡುಕು. ಸಿಕ್ಕ ಮ್ಯಾಲೆ ಮಾತಾಡೂಣು.”

ನನಗೆ ಸಂತೋಷವೇ ಆಯಿತು. ಇದು ನನಗೆ ಗೊತ್ತಿರುವ ಭಾಷೆ. ಅವಳು ತನ್ನ ದರ ಹೇಳಿದ್ದಾಳೆ. ಜಗ್ಗಿ ಇಳಿಸುವುದು ನನ್ನ ಕಸುಬು.

ವಿಮಾನದಲ್ಲಿ, ಇಳಿದ ಮೇಲೆ

ವಿಮಾನದಲ್ಲಿ ನಾನು ಗೈಡು ಓದಿದೆ. ಮೂಲ ಪುಸ್ತಕ ದಪ್ಪವಿತ್ತು, ಅದೂ ಇಂಗ್ಲಿಷು. ಗೈಡಿನಲ್ಲಿ ಸಾರಾಂಶ ಅರ್ಧ ಕನ್ನಡದಲ್ಲಿತ್ತು. ಹತ್ತು ಪುಟ ಓದುವಷ್ಟರಲ್ಲಿ ನಾನು ಯಾರೆಂಬುದು ಸಿಕ್ಕಿಬಿಟ್ಟಿತು. ಹುಡುಗಿಯ ತಂದೆ! ವಕೀಲ, ಊರೆಲ್ಲ ಎದುರಾದರೂ ನ್ಯಾಯದ ಪರ ನಿಲ್ಲುವವನು, ಮಗಳಿಗೆ ತಾಳ್ಮೆಯಿಂದ ಬುದ್ಧಿ ಹೇಳುವವನು. ನಾನೂ ತಂದೆಯೇ, ಬುದ್ಧಿ ಹೇಳುವುದರಲ್ಲಿ ನನ್ನನ್ನು ಮೀರಿಸುವವರು ಜಿಲ್ಲೆಯಲ್ಲಿಲ್ಲ. ಪಕ್ಕದಲ್ಲಿ ಕೂತಿದ್ದ ದಾವಲಸಾಬನಿಗೆ ಹೇಳಿದೆ.

ಅವನು ಗಗನಸಖಿ ಕೊಟ್ಟ ಬೆಣ್ಣೆಯ ಪೊಟ್ಟಣವನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದ. “ನೀವು ವಕೀಲರಾಗಿದ್ರ ಭಾಳ ಚಲೋ ಇತ್ರಿ ಸಾವ್ಕಾರ್ರ. ಎರಡೂ ಕಡೆಯವರಿಗೂ ನೀವ ಮಾತಾಡ್ತಿದ್ರಿ.”

ಇಳಿದ ಮೇಲೆ ಪಾಸ್‌ಪೋರ್ಟು ನೋಡುವ ಸಾಲು. ನನ್ನ ಹೊತ್ತಗೆಗೆ ಠಸ್ಸೆ ಬಿತ್ತು. ದಾವಲಸಾಬನ ಹೆಸರು ಓದಿದ ಅಧಿಕಾರಿ ಒಮ್ಮೆ ಮುಖ ನೋಡಿದ, ಒಮ್ಮೆ ಕಂಪ್ಯೂಟರ್ ನೋಡಿದ, ಪಕ್ಕದ ಕೋಣೆಯತ್ತ ಕೈ ಮಾಡಿದ. ದಾವಲಸಾಬ ನನ್ನತ್ತ ತಿರುಗಿದ. ಅವನ ಜೊತೆಯವನೆಂದು ಹೇಳಲು ನನಗೆ ಎರಡು ಇಂಗ್ಲಿಷ್ ಶಬ್ದ ಸಾಕಿತ್ತು. ಆ ಎರಡೂ ನನಗೆ ಗೊತ್ತಿದ್ದವು. ಆದರೆ ಅದೇ ಗಳಿಗೆಗೆ ಎದುರಿನ ಗೋಡೆಯ ಮೇಲಿದ್ದ ಹಣ್ಣುಹಂಪಲಿನ ಪ್ರಕಟಣೆ ನನಗೆ ಬಹಳ ಮಹತ್ವದ್ದಾಗಿ ಕಂಡಿತು. ಅದನ್ನು ನಾಲ್ಕು ಸಲ ಓದಿದೆ. ಸೇಬು ತರಬಾರದೆಂಬುದು ಅದರ ಒಟ್ಟು ತಾತ್ಪರ್ಯ.

ಒಂದು ತಾಸಿನ ಮೇಲೆ ದಾವಲಸಾಬ ನಗುತ್ತಲೇ ಹೊರಬಂದ. “ಏನ್ ಕೆಲಸ ಮಾಡ್ತಿ ಅಂತ ಕೇಳಿದ್ರು. ಭಾಷೆ ಎಲ್ಲೈತ್ರಿ? ಗಾಳ್ಯಾಗ ಲಾಳಿ ಒಗದು ನೇದು ತೋರಿಸಿದೆ. ಅರ್ಧ ಸೀರಿ ನೇಯೂತನಾ ಬಿಡಲಿಲ್ಲ.” ಆಮೇಲೆ ಚೀಲ ಎತ್ತಿಕೊಳ್ಳುತ್ತ ಮೆಲ್ಲಗೆ ಕೇಳಿದ: “ಆ ಗ್ವಾಡಿ ಮ್ಯಾಲೆ ಏನ್ ಬರದಿತ್ರಿ, ಅಷ್ಟ ಓದಾಕತ್ತಿದ್ರಲ್ಲಾ?”

“ಸೇಬು ತರಬಾರದಂತ,” ಎಂದೆ.

“ನಾವು ತಂದಿಲ್ಲ ಬಿಡ್ರಿ,” ಎಂದ.

ಮೇಳದ ಪಟ್ಟಣ

ಆ ಸೀಮೆ ನಾನು ಎಣಿಸಿದ ಅಮೆರಿಕವಾಗಿರಲಿಲ್ಲ. ನನ್ನ ಉಣ್ಣೆಯ ಕೋಟು ಚೀಲದಿಂದ ಹೊರಗೇ ಬರಲಿಲ್ಲ. ಬಾಗಲಕೋಟೆಯ ಏಪ್ರಿಲ್ ತಿಂಗಳ ಬಿಸಿಲಿಗೆ ನೀರು ಸೇರಿಸಿ ಕುದಿಸಿದಂಥ ಸೆಕೆ. ಜನ ಮಾತ್ರ ನಮ್ಮವರ ಹಾಗೆ, ಅವಸರವಿಲ್ಲದವರು. ಗುರುತಿಲ್ಲದವರೂ ದಾರಿಯಲ್ಲಿ ನಿಂತು ಹೇಗಿದ್ದೀರಿ ಎನ್ನುತ್ತಾರೆ. ಮೊದಲ ದಿನ ಒಬ್ಬನಿಗೆ ನಾನು ನನ್ನ ಮೊಣಕಾಲ ನೋವಿನ ಪೂರ್ತಿ ವರದಿ ಕೊಟ್ಟೆ. ಅವನು ಹಿಂದೆ ಹಿಂದೆ ಸರಿಯುತ್ತ ಕೇಳಿದ. ಆ ಪ್ರಶ್ನೆಗೆ ಉತ್ತರ ಕೊಡಬಾರದೆಂದು ಆಮೇಲೆ ತಿಳಿಯಿತು. ಹೋಗುವವರು ನೆನಪಿಡಿ.

ನಾವು ಇಳಿದುಕೊಂಡ ವಸತಿಗೃಹದ ಯಜಮಾನ ಜಯಂತಿಭಾಯಿ, ಗುಜರಾತಿನವನು, ಅಲ್ಲಿ ನೆಲೆಸಿ ಇಪ್ಪತ್ತೈದು ವರ್ಷವಾಗಿತ್ತು. ಅವನ ಹಿಂದಿ, ನನ್ನ ವ್ಯಾಪಾರದ ಹಿಂದಿ, ದಾವಲಸಾಬನ ಉರ್ದು ಮೂರೂ ಸೇರಿ ಒಂದು ಭಾಷೆಯಾಯಿತು. ಬೆಳಗಿನ ತಿಂಡಿಗೆ ಒಂದು ಬೋಗುಣಿಯಲ್ಲಿ ಬಿಳಿ ಮುದ್ದೆಯಂಥದೇನೋ ಬಂತು. ದಾವಲಸಾಬ ಬೆರಳಲ್ಲಿ ಅದ್ದಿ ನೆಕ್ಕಿದ. “ಯಾ ಅಲ್ಲಾ! ಗೋವಿನಜೋಳದ ನುಚ್ಚು!” ಎಂದು ಕೂಗಿ, ಚೀಲದಿಂದ ಶೇಂಗಾ ಚಟ್ನಿ ತೆಗೆದ. ಮೂರು ದಿನದಲ್ಲಿ ಜಯಂತಿಭಾಯಿಯ ಉಳಿದ ಅತಿಥಿಗಳೂ ಚಟ್ನಿ ಕೇಳತೊಡಗಿದರು.

ಮೇಳ ನಡೆಸುವವರು ನಮ್ಮ ಮಳಿಗೆಯ ಮುಂದೆ ಒಂದು ಹಗ್ಗ ಕಟ್ಟಿ, ‘ದಯವಿಟ್ಟು ಮುಟ್ಟಬೇಡಿ’ ಎಂದು ಬೋರ್ಡು ಹಾಕಿದ್ದರು. ನನ್ನ ಪಿತ್ತ ನೆತ್ತಿಗೇರಿತು. ಮೇಳದ ಮುಖ್ಯಸ್ಥೆಯನ್ನು ಕರೆಸಿದೆ. ಜಯಂತಿಭಾಯಿಯನ್ನು ನಡುವೆ ನಿಲ್ಲಿಸಿಕೊಂಡು ಒಂದು ಭಾಷಣವನ್ನೇ ಮಾಡಿದೆ.

“ಅವ್ವಾ, ಸೀರೆ ಚಿತ್ರಪಟ ಅಲ್ಲ. ಬಟ್ಟೆಗೆ ಕೈಯೇ ಕಣ್ಣು. ಒಡಲು ಹತ್ತಿ, ಸೆರಗು ರೇಷ್ಮೆ. ಎರಡೂ ಎಳೆ ಕೂಡುವ ಕಡೆ ಕೊಂಡಿ ಕೊಂಡಿ ಸಿಕ್ಕಿಸಿ ಈ ಮನುಷ್ಯ ಜೋಡಿಸಿದ್ದಾನೆ. ಅಲ್ಲಿ ಬೆರಳಾಡಿಸದೆ ಇದರ ಬೆಲೆ ಯಾರಿಗೆ ತಿಳಿಯುತ್ತದೆ? ಮುಟ್ಟಬೇಡಿ ಅಂದರೆ ಬಂದವರಿಗೆ ಅವಮಾನ ಮಾಡಿದಂತೆ!”

ಹಗ್ಗ ಬಿಚ್ಚಿದರು. ನಾನು ಮಳಿಗೆಯ ಮುಂದೆ ಎದೆಯುಬ್ಬಿಸಿ ನಿಂತು ಬಂದವರನ್ನೆಲ್ಲ ಕೈ ಹಿಡಿದು ಎಳೆದಂತೆ ಕರೆದು ಸೆರಗು ಮುಟ್ಟಿಸಿದೆ. ಒಬ್ಬ ಮುದುಕಿ ಐಸ್‌ಕ್ರೀಮ್ ಮೆತ್ತಿದ ಕೈಯಲ್ಲೇ ಮುಟ್ಟಿದಳು. ಅದಕ್ಕೂ ನಕ್ಕೆ.

ಮಗ್ಗದ ಮೇಲಿನಿಂದ ದಾವಲಸಾಬ ತಲೆಯೆತ್ತದೆ ಕೇಳಿದ: “ಸಾವ್ಕಾರ್ರ, ಆ ಮರೋಳದ ದುರ್ಗವ್ವಗ ಕೈಯಾಗ ಕಣ್ಣು ಇರಲಿಲ್ಲೇನ್ರಿ?”

ದುರ್ಗವ್ವ ಬಂದ ದಿನ, ನೇಯ್ದ ಸೀರೆ ತಂದು ಕೊಡಲು ಅವನೂ ಅಂಗಡಿಗೆ ಬಂದಿದ್ದ ಎನ್ನುವುದು ನನಗೆ ಮರೆತೇ ಹೋಗಿತ್ತು.

“ಅದು ಬ್ಯಾರೆ, ಇದು ಬ್ಯಾರೆ. ನೀ ನೇಯಿ,” ಎಂದೆ. ಎಂಥ ಗಿರಾಕಿಗೂ ಮಾತಿನಲ್ಲಿ ಸೋಲದವನು ಆ ದಿನ ಹುಡುಕಿ ಹುಡುಕಿ ಹೇಳಿದ್ದು ಇಷ್ಟೇ.

ಹತ್ತಿಯ ಹೊಲಗಳ ದಾರಿ

ಮೇಳ ಮುಗಿದ ಮೇಲೆ ಕೈಯಲ್ಲಿ ಒಂದು ದಿನ ಉಳಿಯಿತು. ಗೈಡು ತೋರಿಸಿ, ಈ ಕಾದಂಬರಿಯ ಊರು ನೋಡಬೇಕೆಂದು ಜಯಂತಿಭಾಯಿಗೆ ಹೇಳಿದೆ.

“ಅಸಲು ಊರು ಬಹಳ ದೂರ, ಸೇಠ್. ಒಂದು ದಿನದಲ್ಲಿ ಆಗದು. ಆದರೆ ಈ ಕಡೆ ಪ್ರತಿ ಜಿಲ್ಲೆಗೂ ಅಂಥದೇ ಒಂದು ಊರಿದೆ, ಅಂಥದೇ ಒಂದು ಕೋರ್ಟಿದೆ. ಹತ್ತಿರದ್ದು ಒಂದು ತೋರಿಸುತ್ತೇನೆ. ವ್ಯತ್ಯಾಸ ಯಾರಿಗೂ ತಿಳಿಯುವುದಿಲ್ಲ.”

ಒಪ್ಪಿಕೊಂಡೆ. ಯಂತ್ರದ ಮಗ್ಗದ ನಕಲನ್ನು ಕೈಮಗ್ಗದ್ದೆಂದು ಮಾರುವವರ ವಿರುದ್ಧ ವ್ಯಾಪಾರಿಗಳ ಸಭೆಯಲ್ಲಿ ಮೇಜು ಕುಟ್ಟಿ ಮಾತಾಡಿದವನು ನಾನು. ಕೋರ್ಟಿನ ವಿಷಯಕ್ಕೆ ನಕಲು ನಡೆಯುತ್ತದೆ ಅನ್ನಿಸಿತು. ನನ್ನ ಲೆಕ್ಕ ಸರಳವಿತ್ತು: ಕೋರ್ಟಿನ ಮುಂದೆ ನಿಂತು ಒಂದು ಫೋಟೋ, ಅಲ್ಲಿ ಸಿಗುವ ಒಂದು ಪುಸ್ತಕವೋ ಬಟ್ಟಲೋ ಮಗಳಿಗೆ, ‘ನಾನು ಆ ವಕೀಲ’ ಎಂಬ ಉತ್ತರ. ಮಾತುಕತೆ ಶುರು.

ದಾರಿಯ ಎರಡೂ ಕಡೆ ಹತ್ತಿಯ ಹೊಲ. ದಾವಲಸಾಬ ಕಾರು ನಿಲ್ಲಿಸಲು ಹೇಳಿ ಇಳಿದು ಒಂದು ಕಾಯಿ ಬಿಡಿಸಿ ಎಳೆ ಎಳೆದು ನೋಡಿದ. ಹುನಗುಂದದ ಎರೆ ನೆಲದ್ದಕ್ಕಿಂತ ಎಳೆ ಉದ್ದ ಎಂದ. ಈ ಹೊಲಗಳಲ್ಲಿ ಒಂದು ಕಾಲಕ್ಕೆ ಮನುಷ್ಯರನ್ನು ಕೊಂಡು ತಂದು ದುಡಿಸುತ್ತಿದ್ದರು ಎಂದು ಜಯಂತಿಭಾಯಿ ಹೇಳಿದ. ಛೇ, ಎಂಥ ಜನ, ಎಂದೆ ನಾನು. ನಮ್ಮಲ್ಲಿ ಹಾಗೆಲ್ಲ ಇಲ್ಲ ಎಂದೂ ಹೇಳಿದೆ. ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ನನ್ನ ಮಾತಿಗೆ ಒಪ್ಪಿದರು ಎಂದುಕೊಂಡೆ.

ಕೋರ್ಟು

ಚೌಕದ ನಡುವೆ ಕೆಂಪು ಇಟ್ಟಿಗೆಯ ಕಟ್ಟಡ, ಮೇಲೆ ಗಡಿಯಾರದ ಗೋಪುರ. ಬಣ್ಣ ನಮ್ಮ ಬಾದಾಮಿಯ ಬಂಡೆಯದೇ. ಈಗ ಅಲ್ಲಿ ಕೋರ್ಟು ನಡೆಯುವುದಿಲ್ಲ. ಹಳೆಯದನ್ನು ಇದ್ದ ಹಾಗೇ ಇಟ್ಟು ಬಂದವರಿಗೆ ತೋರಿಸುತ್ತಾರೆ. ಬಾಗಿಲಲ್ಲಿ ಒಬ್ಬ ಕಪ್ಪು ಮುದುಕಿ ಕೂತಿದ್ದಳು. ಎಪ್ಪತ್ತರ ಮೇಲಿನ ವಯಸ್ಸು, ಹೂವಿನ ಟೋಪಿ, ಕೈಯಲ್ಲಿ ಬೀಸಣಿಗೆ. ಹೆಸರು ಅರ್ಲೀನ್. ಊರವಳೇ, ವಾರಕ್ಕೆ ಮೂರು ದಿನ ಬಂದು ಈ ಜಾಗ ತೋರಿಸುತ್ತಾಳೆ.

“ಎಲ್ಲಿ ಬೇಕಾದರೂ ಕೂತು ನೋಡಿ. ಈಗ ಎಲ್ಲ ಜಾಗವೂ ಎಲ್ಲರದು,” ಎಂದಳು. ಜಯಂತಿಭಾಯಿ ಹಿಂದಿಗೆ ತಿರುಗಿಸಿದ.

ನಾನು ಸುತ್ತ ನೋಡಿದೆ. ಕೆಳಗೆ ಬೆಂಚುಗಳು. ಮೂರು ಕಡೆ ಮರದ ಕಟಾಂಜನದ ಬಾಲ್ಕನಿ. ನನ್ನ ಕಾಲು ತಾನಾಗಿ ಮೆಟ್ಟಿಲಿನ ಕಡೆ ನಡೆಯಿತು. ನಮ್ಮ ಟಾಕೀಜಿನಲ್ಲಿ ಗಣ್ಯರು ಕೂರುವುದು ಬಾಲ್ಕನಿಯಲ್ಲಿ. ಸೈಕಲ್ಲಿನ ದಿನಗಳಲ್ಲಿ ನಾನು ಕೆಳಗೆ ನೆಲದ ಮೇಲೆ ಕೂತು, ಹಿಂದೆ ತಿರುಗಿ ಬಾಲ್ಕನಿಯವರನ್ನು ನೋಡುತ್ತಿದ್ದೆ. ಅಂಗಡಿ ಹಾಕಿದ ವಾರವೇ ಬಾಲ್ಕನಿಗೆ ಏರಿದವನು, ಆಮೇಲೆ ಇಳಿದಿಲ್ಲ.

“ದಾವಲಸಾಬ, ನೀ ಕೆಳಗ ಕೂಡು. ನಾ ಬಾಲ್ಕನಿಯೊಳಗ ಕೂತು ನೋಡ್ತೇನಿ,” ಎಂದೆ.

“ಹೂನ್ರಿ. ನಮಗ ಕೆಳಗ ಸಾಕ್ರಿ,” ಎಂದು ಅವನು ನ್ಯಾಯಾಧೀಶನ ಎದುರಿಗೇ ಹೋಗಿ ಕೂತ.

ಮೇಲೆ ಮುಂದಿನ ಸಾಲಿನ ನಟ್ಟನಡುವೆ ಕೂತು ಕಟಾಂಜನದ ಮೇಲೆ ಮೊಣಕೈ ಊರಿದೆ. ಫೋಟೋ ತೆಗೆಯಲು ಜಯಂತಿಭಾಯಿಗೆ ಸನ್ನೆ ಮಾಡಿದೆ. ಅರ್ಲೀನ್ ಅಜ್ಜಿ ತಲೆಯೆತ್ತಿ ನೋಡಿದಳು. ನಗಲು ಶುರು ಮಾಡಿದವಳು ಬೀಸಣಿಗೆಯಿಂದ ಬಾಯಿ ಮುಚ್ಚಿಕೊಂಡಳು. ಜಯಂತಿಭಾಯಿಯೂ ನಗತೊಡಗಿದ.

“ಸೇಠ್, ಅಜ್ಜಿ ಕೇಳುತ್ತಿದ್ದಾಳೆ, ನಿಮಗೆ ಆ ಜಾಗ ಯಾರು ಹೇಳಿದರು ಅಂತ. ಬಾಲ್ಕನಿ ಕಪ್ಪು ಜನರದಾಗಿತ್ತು. ಅವರಿಗೆ ಕೆಳಗೆ ಪ್ರವೇಶವಿರಲಿಲ್ಲ. ಅವಳು ಸಣ್ಣವಳಿದ್ದಾಗ ಅಪ್ಪನ ಜೊತೆ ಅಲ್ಲೇ, ನೀವು ಕೂತಲ್ಲೇ, ಕೂರುತ್ತಿದ್ದಳಂತೆ. ತನ್ನ ಜಾಗವನ್ನು ಇಷ್ಟು ಠೀವಿಯಿಂದ ಹಿಡಿದವರನ್ನು ನೋಡಿರಲಿಲ್ಲವಂತೆ.”

ದಾವಲಸಾಬ ಕೆಳಗಿನಿಂದ ಕೈ ಬೀಸಿದ. “ಅಲ್ಲೇ ಕೂಡ್ರಿ ಸಾವ್ಕಾರ್ರ! ಗಾಳಿ ಬರ್ತೈತಿ!”

ಅರ್ಲೀನ್ ಅಜ್ಜಿಯ ಕಾಲು

ಮುಖ ಬಿಗಿದುಕೊಂಡು ಕೆಳಗಿಳಿದೆ. ಮೊಣಕಾಲು ಹಿಡಿದುಕೊಂಡಿತ್ತು. ಗೋಡೆಯ ಬದಿಗೆ ಎರಡು ಸಾಲು ಕುರ್ಚಿಗಳಿದ್ದವು, ತಿರುಗುವಂಥವು, ಬೆನ್ನಿಗೆ ಆಸರೆ. ಹತ್ತಿರದ್ದರಲ್ಲಿ ಕೂತೆ. ಮರ್ಯಾದೆ ಉಳಿಸಿಕೊಳ್ಳಬೇಕಲ್ಲ, ಮಾತು ತೆಗೆದೆ. ನನ್ನದು ಸೀರೆ ಅಂಗಡಿ, ಸಾಲದ ಹಂಗಿಲ್ಲದೆ ಕೈಯಾರೆ ಕಟ್ಟಿದ್ದು, ನಮ್ಮ ಪೇಟೆಯಲ್ಲಿ ನನ್ನಷ್ಟು ಗಿರಾಕಿ ಯಾರಿಗೂ ಇಲ್ಲ ಎಂದೆಲ್ಲ ಹೇಳಿದೆ. ನಿಮ್ಮ ಊರಿನ ಪೇಟೆ ಹೇಗಿತ್ತು ಎಂದು ಕೇಳಿದೆ.

ಅಜ್ಜಿ ಎದುರಿನ ಬೆಂಚಿಗೆ ಬಂದು ಕೂತು, ಚಪ್ಪಲಿಯಿಂದ ಒಂದು ಕಾಲು ಹೊರತೆಗೆದು ಮುಂದೆ ಚಾಚಿದಳು. ಅವಳು ಹೇಳಿದ್ದನ್ನು ಜಯಂತಿಭಾಯಿ ತುಂಡು ತುಂಡಾಗಿ ಹೇಳುತ್ತ ಹೋದ.

ಈ ಚೌಕದ ಮೂಲೆಯಲ್ಲಿ ಬೂಟಿನ ಅಂಗಡಿಯಿತ್ತು. ಕಪ್ಪು ಜನ ಕೊಳ್ಳಬಹುದಾಗಿತ್ತು; ಹಾಕಿ ನೋಡುವಂತಿರಲಿಲ್ಲ. ಅವರ ಕಾಲು ಹೊಕ್ಕ ಬೂಟನ್ನು ಬಿಳಿಯರು ಕೊಳ್ಳುವುದಿಲ್ಲವಲ್ಲ. ಅವ್ವ ಮನೆಯಲ್ಲಿ ಕಂದು ಕಾಗದ ಹಾಸಿ, ಅದರ ಮೇಲೆ ಮಗಳ ಪಾದ ಇಡಿಸಿ, ಪೆನ್ಸಿಲಿನಿಂದ ಸುತ್ತ ಗೆರೆ ಎಳೆದು ಕತ್ತರಿಸುತ್ತಿದ್ದಳು. ಆ ಕಾಗದದ ಪಾದ ತೆಗೆದುಕೊಂಡು ಅಂಗಡಿಗೆ ಹೋಗುವುದು. ಅಂಗಡಿಯವನು ಕಾಗದವನ್ನು ಬೂಟಿನ ತಳಕ್ಕೆ ಹಿಡಿದು ನೋಡಿ ಕಟ್ಟಿಕೊಡುತ್ತಿದ್ದ. ಬಿಗಿಯಾದರೂ ಅದೇ, ಸಡಿಲಾದರೂ ಅದೇ, ವಾಪಸ್ಸಿಲ್ಲ.

“ಈ ಬೆರಳು ನೋಡಿ,” ಎಂದಳು. ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿತ್ತು. “ಕಾಗದಕ್ಕೆ ನೋವಾಗುವುದಿಲ್ಲವಲ್ಲ.”

ಅವಳ ಕಾಲಿನಿಂದ ಕಣ್ಣು ಕೀಳಲು ಗೋಡೆ ನೋಡಿದೆ. ಈ ಸಲ ಗೋಡೆಯ ಮೇಲೆ ಓದಲು ಏನೂ ಇರಲಿಲ್ಲ.

“ಆ ಅಂಗಡಿಯವನು ಬಹಳ ಕೆಟ್ಟವನಿದ್ದನೇ?” ಎಂದು ಕೇಳಿಸಿದೆ. ಹೌದು ಅನ್ನಲಿ ಎಂದು ನನ್ನ ಆಸೆ.

“ಛೇ, ಇಲ್ಲ! ಬಲು ಒಳ್ಳೆಯ ಮನುಷ್ಯ. ಕೂಲಿಯಿಂದ ಮೇಲೆ ಬಂದವನು. ಚರ್ಚಿನಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಹಾಡುತ್ತಿದ್ದ. ನನಗೆ ಯಾವಾಗಲೂ ಒಂದು ಪೆಪ್ಪರಮಿಂಟು ಕೊಡುತ್ತಿದ್ದ, ಅಂಗೈಗೆ ತಾಗದ ಹಾಗೆ ಮೇಲಿನಿಂದ ಬಿಡುತ್ತಿದ್ದ. ಅವನಿಗೆ ಯಾರ ಮೇಲೂ ಸಿಟ್ಟಿರಲಿಲ್ಲ.”

ಗೈಡು ನನ್ನ ಕಿಸೆಯಲ್ಲಿತ್ತು. ಅದರಲ್ಲಿ ಅಂಗಡಿಯವನೊಬ್ಬನ ಪಾತ್ರ ನನಗೆ ಕಂಡಿರಲಿಲ್ಲ. ಅಂಥವನು ಇಂಥ ಕಥೆಯಲ್ಲಿ ಎಲ್ಲಿರುತ್ತಾನೆ ಎಂದು ಕೇಳಿದೆ.

ಅಜ್ಜಿ ನಾನು ಕೂತ ಕುರ್ಚಿಯತ್ತ ಬೀಸಣಿಗೆ ತೋರಿಸಿದಳು. “ಅಲ್ಲಿ. ತೀರ್ಪು ಹೇಳುವ ಹನ್ನೆರಡು ಜನರನ್ನು ಊರಿನಿಂದಲೇ ಆರಿಸುತ್ತಿದ್ದರು. ರೈತರು, ಅಂಗಡಿಯವರು, ಎಲ್ಲ ಬಿಳಿಯರು. ನಮ್ಮ ಜನದವನೊಬ್ಬನ ವಿಚಾರಣೆಯನ್ನು ನಾನು ಬಾಲ್ಕನಿಯಿಂದ ನೋಡಿದ ದಿನ ಬೂಟಿನ ಅಂಗಡಿಯವನು ನೀನು ಕೂತಲ್ಲೇ ಕೂತಿದ್ದ. ಬಿಡಿಸಿ ವಿಚಾರಿಸಿದವರೇ ಇಲ್ಲ. ಊಟದ ಹೊತ್ತಿಗೆ ಎದ್ದು ‘ಅಪರಾಧಿ’ ಅಂದರು. ಅವರಿಗೆ ರೂಢಿಯಾಗಿತ್ತು.”

ತಿರುಗುವ ಕುರ್ಚಿ. ನಾನು ಸರಕ್ಕನೆ ಎದ್ದಿದ್ದಕ್ಕೆ ಅದು ಒಂದು ಸುತ್ತು ತಿರುಗಿ ನನ್ನ ಮೊಣಕಾಲಿಗೇ ಬಡಿಯಿತು.

ನಿಂತುಕೊಂಡೇ ನನ್ನ ಅಂಗಡಿಯ ಕಟ್ಟೆಯ ಸಂಗತಿ ಹೇಳಿದೆ. ಹಿಂದಿಯಲ್ಲಿ ಅದನ್ನು ಹೇಳುವುದು ಕನ್ನಡದಲ್ಲಿ ಹೇಳುವುದಕ್ಕಿಂತ ಸುಲಭವೆನಿಸಿತು. ಆದರೂ ಸಾಧ್ಯವಾದಷ್ಟು ಸಣ್ಣದು ಮಾಡಿಯೇ ಹೇಳಿದೆ. ಬಿಟ್ಟಿದ್ದನ್ನೆಲ್ಲ ದಾವಲಸಾಬ ತನ್ನ ಉರ್ದುವಿನಲ್ಲಿ ಜೋಡಿಸಿದ, ಕೊಂಡಿ ಹಾಕುವಷ್ಟೇ ಶ್ರದ್ಧೆಯಿಂದ. ಕಡೆಗೆ ನನ್ನ ಕಸುಬಿನ ಪ್ರಶ್ನೆ ಕೇಳಿದೆ: ಆ ಬೂಟಿನವನು ಏನು ಕೊಟ್ಟಿದ್ದರೆ ನೀವು ಅವನನ್ನು ಕ್ಷಮಿಸುತ್ತಿದ್ದಿರಿ?

ಅಜ್ಜಿ ಚಪ್ಪಲಿಗೆ ಕಾಲು ತೂರಿಸಿ ಎದ್ದಳು. “ನನ್ನನ್ನು ಯಾಕೆ ಕೇಳುತ್ತೀಯಪ್ಪ? ನಿನ್ನ ಅಂಗಡಿಗೆ ಬಂದದ್ದು ನನ್ನ ಕಾಲಲ್ಲವಲ್ಲ.”

ಇಳಕಲ್: ಸಂತೆಯ ದಿನ

ಮಗಳಿಗೆ ಅಲ್ಲಿಂದ ನಾನು ಬಟ್ಟಲು ತರಲಿಲ್ಲ. ತೆಗೆದ ಒಂದೇ ಫೋಟೋದಲ್ಲಿ ನಾನು ಬಾಲ್ಕನಿಯಲ್ಲಿ ಹಲ್ಲು ಕಿರಿಯುತ್ತಿದ್ದೆ, ಅದನ್ನು ತೋರಿಸುವಂತಿರಲಿಲ್ಲ. ಮನೆಗೆ ಬಂದ ಮರುದಿನ ಸುಮಾ ತಾನಾಗಿ ಕೇಳಿದಳು.

“ಸಿಕ್ಕಿತೇನು?”

“ಸಿಕ್ತು. ವಕೀಲ ಅಲ್ಲ. ಹನ್ನೆರಡು ಕುರ್ಚಿ ಇದ್ವು, ಅದರಾಗ ಒಂದು.”

ನಾನು ಬೇಗ ಬೇಗ ಮುಂದುವರಿಸಿದೆ: “ಚಲೋ ಅಂದ್ರ ಚಲೋದು ಒಂದು ಸೀರಿ ತಗೊಂಡು ದುರ್ಗವ್ವನ ಮನಿಗೇ ಹೋಗಿ ಕೊಟ್ಟು ಬರ್ತೇನಿ. ಫುಕಟ. ಮುಗೀತಲ್ಲಾ?”

“ಮನ್ಯಾಗ ಕೊಟ್ರ ಯಾರು ನೋಡ್ತಾರ? ನೀ ಅವರ್ನ ನಿಂದ್ರಿಸಿದ್ದು ಪ್ಯಾಟ್ಯಾಗ,” ಎಂದು ಎದ್ದು ಹೋದಳು.

ಬರಿಗೈಯಲ್ಲಿ ಮರೋಳದ ಕಡೆ ಹೋದೆ. ದುರ್ಗವ್ವ ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದಳು. ಅವತ್ತು ನಾನು ಮಾಡಿದ್ದು ತಪ್ಪು, ಅಂಗಡಿಗೆ ಬರಬೇಕು, ಗಾದಿಯ ಮೇಲೆ ಕೂತು ನೋಡಬೇಕು ಎಂದೆ. ಅವಳು ಕೆಲಸ ನಿಲ್ಲಿಸಲಿಲ್ಲ.

“ಬರ್ತೇನಿ ಅಂತ ಹೇಳಂಗಿಲ್ರಿ. ಸಂತಿಗೆ ಬಂದಾಗ ಮನಸ್ಸಾದ್ರ ಬಂದೇನು.”

ಎರಡು ಸಂತೆ ಹೋದವು. ಮೂರನೆಯದಕ್ಕೆ, ಅಂಗಡಿ ತುಂಬಿದ್ದಾಗ, ಬಂದಳು. ಜೊತೆಗೆ ರೇಣುಕಾ, ಅವರ ಹಿಂದೆ, ರಜೆಗೆ ಬಂದಿದ್ದ ಸುಮಾ. ದುರ್ಗವ್ವ ಕಟ್ಟೆಯ ಮೇಲೆ ಒಂದು ಗಳಿಗೆ ನಿಂತಳು.

“ಬರ್ರಿ ದುರ್ಗವ್ವ. ಮ್ಯಾಲೆ ಬರ್ರಿ,” ಎಂದೆ. ಪಿಸುಗುಟ್ಟಲಿಲ್ಲ; ಓಣಿಯ ಗಂಟಲಿನಲ್ಲೇ ಕರೆದೆ.

ಅವಳು ಚಪ್ಪಲಿ ಬಿಟ್ಟು, ಮೇಲೆ ಬಂದು, ಗಾದಿಯ ನಡುವೆ ಚಕ್ಕಳಮಕ್ಕಳ ಹಾಕಿ ಕೂತಳು. ಗೋಡೆಯ ಕಡೆ ಕೂತಿದ್ದ ನನ್ನ ಹಳೆಯ ಗಿರಾಕಿ, ಮದುವೆಗೆಂದರೆ ಗಂಟುಗಟ್ಟಲೆ ಒಯ್ಯುತ್ತಿದ್ದ ದೊಡ್ಡ ಮನೆಯವರು, ಆರಿಸಿದ ಸೀರೆಗಳನ್ನು ಹಾಗೇ ಬಿಟ್ಟು ಎದ್ದರು. “ಸಂಗಪ್ಪ, ಮತ್ತ ಯಾವಾಗರ ಬರ್ತೇವಿ” ಎಂದರು. ಮತ್ತೆ ಬರಲಿಲ್ಲ. ಕೈ ಮುಗಿದು ತಡೆಯಬೇಕೆಂದು ಅರ್ಧ ಎದ್ದವನು ಕೂತೆ. ಮೊಣಕಾಲು ನೋವಿದ್ದದ್ದು ಒಳ್ಳೆಯದಾಯಿತು.

“ಆ ದಾಳಿಂಬ್ರಿ ಬಣ್ಣದ್ದು ತೆಗೀರಿ,” ಎಂದಳು ದುರ್ಗವ್ವ. ತೆಗೆದೆ. ತೊಡೆಯ ಮೇಲೆ ಹರವಿ, ಹಿಂದು ಮುಂದು ಮಾಡಿ, ಸೆರಗಿನ ಕೊಂಡಿಯ ಮೇಲೆ ಹೆಬ್ಬೆರಳು ಒತ್ತಿ ನೋಡಿದಳು. “ಈ ಕೊಂಡಿ ಸಡ್ಲ ಐತಿ. ಅದ ತೆಗೀರಿ, ಹಸರು.” ತೆಗೆದೆ. “ಮ್ಯಾಲಿಂದು.” ತೆಗೆದೆ. ಒಂದನ್ನು ಹೆಗಲಿಗೆ ಹಾಕಿ ಕನ್ನಡಿಯ ಮುಂದೆ ನಿಂತಳು, ತಲೆಯಲ್ಲಾಡಿಸಿದಳು. ಎರಡು ತಾಸು ಕಳೆಯಿತು. ಕಪಾಟು ಖಾಲಿಯಾಯಿತು, ಗಾದಿಯ ಮೇಲೆ ನಲವತ್ತು ಸೀರೆಯ ಗುಡ್ಡೆ ಬಿತ್ತು. ಮೊಳಕೋಲು ಎಲ್ಲಿ ಹೂತುಹೋಯಿತೋ ತಿಳಿಯಲಿಲ್ಲ.

“ಯಾವುದು ಕಟ್ಟಲಿ?” ಎಂದೆ ಬೆವರು ಒರೆಸಿಕೊಳ್ಳುತ್ತ.

“ಒಂದೂ ಮನಸ್ಸಿಗೆ ಬರಲಿಲ್ರಿ,” ಎಂದು ದುರ್ಗವ್ವ ಎದ್ದು ಸೀರೆಯ ನಿರಿಗೆ ಕೊಡವಿಕೊಂಡಳು. “ಹೊಸಾ ಮಾಲು ಬಂದಾಗ ಹೇಳಿ ಕಳಸ್ರಿ. ನೋಡೂಣು.”

ರೇಣುಕಾ ತಾಯಿಯ ಹಿಂದೆ ಇಳಿದಳು. ಅವರಿಬ್ಬರೂ ಸಂತೆಯ ಜನದಲ್ಲಿ ಸೇರಿಹೋಗುವವರೆಗೆ ನಾನು ನೋಡುತ್ತಿದ್ದೆ. ಗಾದಿ ಗಿರಾಕಿಗಳಲ್ಲೆಲ್ಲ ನನಗೆ ಹೆಚ್ಚು ಸಿಟ್ಟು ತರಿಸುವ ಜಾತಿ ಇದೇ: ಎಲ್ಲ ಬಿಚ್ಚಿಸಿ, ಒಂದೂ ಕೊಳ್ಳದೆ, ಹೊಸ ಮಾಲು ಕೇಳಿ ಹೋಗುವವರು. ಸಿಟ್ಟು ಬಂತು ಕೂಡ. ಅವಳು ಕೊಂಡಿದ್ದರೆ ನಾನು ಆ ರಾತ್ರಿಯೇ ನನ್ನನ್ನು ಕ್ಷಮಿಸಿಕೊಂಡುಬಿಡುತ್ತಿದ್ದೆನೇನೋ.

ಗುಡ್ಡೆಯಿಂದ ಒಂದು ಸೀರೆ ಎಳೆದು ಒಬ್ಬನೇ ಮಡಚಲು ಹೋದೆ. ಒಂಬತ್ತು ಗಜದ ಸೀರೆ ಒಬ್ಬರ ಕೈಗೆ ಬಗ್ಗುವುದಿಲ್ಲ. ಸೆರಗು ಜಾರಿ ಕಟ್ಟೆಯವರೆಗೂ ಹೋಯಿತು. ಅಲ್ಲಿ ಸುಮಾ ನಿಂತಿದ್ದಳು. ಬಗ್ಗಿ ಸೆರಗು ಎತ್ತಿಕೊಂಡಳು. ಚಪ್ಪಲಿ ಬಿಟ್ಟು ಮೆಟ್ಟಿಲು ಹತ್ತಿ ಬಂದು ಬಿಗಿಯಾಗಿ ಎಳೆದು ಹಿಡಿದಳು.

“ಅಂಚಿಗೆ ಅಂಚು ಕೂಡಸು. ಸೊಟ್ಟ ಹೊಂಟೈತಿ,” ಎಂದಳು. “ಅಮೇರಿಕಾಕ್ಕ ಹೋಗಿ ಮಡಿಕಿ ಹಾಕೂದೂ ಮರತ್ಯಾ?”

ಮಡಿಕೆ ಹಾಕುವ ಬಗ್ಗೆ ನನ್ನ ಹತ್ತಿರ ಇಪ್ಪತ್ತೈದು ವರ್ಷದ ಅನುಭವದ ಸಲಹೆಗಳಿದ್ದವು. ಹೇಳಲು ಬಾಯಿ ತೆರೆದೆ. ಅವಳು ಹುಬ್ಬೇರಿಸಿ ಕಾಯುತ್ತಿದ್ದಳು. ಇನ್ನೂ ಮೂವತ್ತೊಂಬತ್ತು ಸೀರೆ ಬಿದ್ದಿದ್ದವು. ಬಾಯಿ ಮುಚ್ಚಿ ನನ್ನ ತುದಿ ಸರಿಮಾಡಿಕೊಂಡೆ.